ಟಾಲ್‌ಸ್ಟಾಯ್ ತಾತನಿಗೆ ನಾಲ್ಕು ಲಕ್ಷ ದಂಡ

ರಷ್ಯಾದ ಆ ಕಾನೂನಿನ ವಿಷಯ ನಿಮಗೆ ಗೊತ್ತೇ ಇದೆ. ಮಕ್ಕಳು ಬೇಡ ಅನ್ನುವ ಬದುಕು ಚೆನ್ನಾಗಿರುತ್ತೆ ಅಂತ ತೋರಿಸಿದರೆ ದಂಡ. 2024ರ ನವೆಂಬರ್‌ನಲ್ಲಿ ಅಲ್ಲಿನ ಸಂಸತ್ತು ಡುಮಾದಲ್ಲಿ ಸರ್ವಾನುಮತದಿಂದ ಪಾಸಾಯಿತು. ಅದೇ ತಿಂಗಳು 23ಕ್ಕೆ ಪುಟಿನ್ ಸಹಿಯೂ ಬಿತ್ತು. ಸಿನಿಮಾದಲ್ಲಿ ತೋರಿಸುವ ಹಾಗಿಲ್ಲ, ಜಾಹೀರಾತಿನಲ್ಲಿ ಇಲ್ಲ, ಇಂಟರ್ನೆಟ್‌ನಲ್ಲಂತೂ ಕೇಳಲೇಬೇಡಿ. ಒಬ್ಬ ಮನುಷ್ಯನಿಗೆ 4 ಲಕ್ಷ ರೂಬಲ್ ತನಕ ದಂಡ, ಕಂಪನಿಗೆ 50 ಲಕ್ಷ ತನಕ. ಹೊರದೇಶದವರಾದರೆ ಗಂಟುಮೂಟೆ ಕಟ್ಟಿಸಿ ಗಡಿ ದಾಟಿಸಬಹುದು.

ಮಕ್ಕಳಿಲ್ಲದೆ ಸುಮ್ನೆ ಮನೆಯಲ್ಲಿದ್ದರೆ ತಪ್ಪಿಲ್ಲವಂತೆ. ಆರಾಮಾಗಿದ್ದೀನಿ ಅಂತ ನಾಲ್ಕು ಜನರಿಗೆ ಹೇಳೋದು ತಪ್ಪು. ಹಾಗಾಗಿ ಮಕ್ಕಳಿಲ್ಲದ ರಷ್ಯನ್ ಹೆಂಗಸು ಹೊರಗೆ ಬರುವಾಗ ಸ್ವಲ್ಪ ಮುಖ ಸಪ್ಪೆ ಮಾಡಿಕೊಂಡು ಬಂದರೆ ಕ್ಷೇಮ. 'ಏನಮ್ಮ, ಏನೂ ವಿಶೇಷ ಇಲ್ವಾ?' ಅಂತ ಯಾರಾದರೂ ಕೇಳಿದರೆ ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಳ್ಳಬೇಕು. ಅಲ್ಲಿ ಸೆರಗಿಲ್ಲ, ಮಫ್ಲರ್ ಇದ್ದೀತು.

ಈ ಸುದ್ದಿ ಓದಿದಾಗ ನನಗೆ ಮೊದಲು ಹೊಳೆದದ್ದು ಇಷ್ಟೇ. ಇದರಲ್ಲಿ ಮೊದಲು ಸಿಕ್ಕಿಬೀಳಬೇಕಾದ ಆಸಾಮಿ ಯಾರು? ಯಾವುದೋ ಇಪ್ಪತ್ತೈದರ ಹುಡುಗಿ ಬೆಕ್ಕು ಹಿಡಿದುಕೊಂಡು ಹಾಕಿದ ಫೋಟೋ ಅಲ್ಲ ಸ್ವಾಮಿ. ನಮ್ಮ ಗಡ್ಡದ ತಾತ. ಲಿಯೋ ಟಾಲ್‌ಸ್ಟಾಯ್.

ನಗಬೇಡಿ. 1889ರಲ್ಲಿ 'ಕ್ರೂಟ್ಸರ್ ಸೊನಾಟಾ' ಅಂತ ಒಂದು ನೀಳ್ಗತೆ ಬರೆದು ಮುಗಿಸಿದರು. ಪೊಜ್ದ್ನಿಶೆವ್ ಅನ್ನುವವನು ರೈಲಿನಲ್ಲಿ ಪಕ್ಕದವನನ್ನು ಹಿಡಿದು ಕೂರಿಸಿಕೊಂಡು, ಚಹಾದ ಮೇಲೆ ಚಹಾ ಕುಡಿಯುತ್ತ, ತಾನು ಹೆಂಡತಿಯನ್ನು ಯಾಕೆ ಕೊಂದೆ ಅಂತ ರಾತ್ರಿಯಿಡೀ ವಿವರಿಸುವ ಕಥೆ. ರೈಲಿನಲ್ಲಿ ಇಂಥವರು ಸಿಕ್ಕರೆ ನಾವು ಮೇಲಿನ ಬರ್ತ್ ಹತ್ತಿ ಹೊದ್ದು ಮಲಗುತ್ತೇವೆ. ಅಲ್ಲಿ ಅದು ವಿಶ್ವಸಾಹಿತ್ಯ ಆಯಿತು. ಅವನ ವಾದ ಏನು ಅಂದರೆ, ಮದುವೆ ಅನ್ನೋದೇ ಮೋಸ, ಗಂಡು ಹೆಣ್ಣು ಕೂಡುವುದೇ ಹೊಲಸು. ಹಾಗಾದರೆ ಮನುಷ್ಯಕುಲ ಮುಂದುವರಿಯೋದು ಹೇಗೆ ಅಂದರೆ, ಯಾಕೆ ಮುಂದುವರಿಯಬೇಕು ಅಂತ ತಿರುಗಿ ಕೇಳುತ್ತಾನೆ. ಕಥೆಯ ಪಾತ್ರ ತಾನೇ, ಬಾಯಿಗೆ ಬಂದದ್ದು ಮಾತಾಡುತ್ತೆ ಅಂತ ಬಿಡಬಹುದಿತ್ತು. ಆದರೆ ತಾತ ಬಿಡಲಿಲ್ಲ. ಮರುವರ್ಷ ಒಂದು 'ಹಿನ್ನುಡಿ' ಬರೆದು, ಬ್ರಹ್ಮಚರ್ಯವೇ ಆದರ್ಶ, ಮದುವೆ ಆದವರೂ ಅಣ್ಣ ತಂಗಿಯರ ಹಾಗೆ ಇರಲು ಪ್ರಯತ್ನಿಸಬೇಕು ಅಂತ ತಮ್ಮದೇ ಹೆಸರಿನಲ್ಲಿ ಸಾರಿದರು. ಇದಕ್ಕಿಂತ ದೊಡ್ಡ 'ಮಕ್ಕಳು ಬೇಡ' ಪ್ರಚಾರ ರಷ್ಯನ್ ಭಾಷೆಯಲ್ಲಿ ಇನ್ನೊಂದು ಇದ್ದರೆ ತೋರಿಸಿ. ಆಕರ್ಷಕವಾಗಿ ಬರೆಯಬಾರದು ಅನ್ನೋದೇ ಕಾನೂನು ಅಲ್ವಾ? ಈ ಮನುಷ್ಯನಿಗೆ ಬೇಸರ ಬರಿಸುವ ಹಾಗೆ ಬರೆಯೋದಕ್ಕೇ ಬರುತ್ತಿರಲಿಲ್ಲ, 'ಯುದ್ಧ ಮತ್ತು ಶಾಂತಿ'ಯ ಕೊನೆಯ ನಲವತ್ತು ಪುಟ ಬಿಟ್ಟರೆ.

ತಪ್ಪಿಸಿಕೊಳ್ಳೋಕೆ ಒಂದು ದಾರಿ ಇದೆ. ಸನ್ಯಾಸಿಗಳ ಬ್ರಹ್ಮಚರ್ಯಕ್ಕೆ, ಮಠದ ವ್ರತಕ್ಕೆ ಕಾನೂನಿನಲ್ಲಿ ವಿನಾಯಿತಿ ಕೊಟ್ಟಿದ್ದಾರೆ. ಚರ್ಚಿನ ನೆರಳಲ್ಲಿ ನಿಂತು ಮಕ್ಕಳು ಬೇಡ ಅಂದರೆ ಅದು ಭಕ್ತಿ, ಬಸ್ ಸ್ಟಾಪಿನಲ್ಲಿ ನಿಂತು ಅಂದರೆ ದೇಶದ್ರೋಹ. ತಾತ ಚರ್ಚಿನ ಕಡೆಯಿಂದ ನುಸುಳಬಹುದಿತ್ತು. ಆದರೆ 1901ರಲ್ಲೇ ಚರ್ಚು ಅವರನ್ನು ಹೊರಗೆ ಹಾಕಿದೆ. ನೂರು ವರ್ಷ ಆದಮೇಲೆ, 2001ರಲ್ಲಿ, ಅವರ ವಂಶದವರೊಬ್ಬರು ಇನ್ನಾದರೂ ಪುನರ್ವಿಚಾರ ಮಾಡಿ ಅಂತ ಚರ್ಚಿನ ಮುಖ್ಯಸ್ಥರಿಗೆ ಪತ್ರ ಬರೆದು ಕೇಳಿದರೆ, ಆಗಲ್ಲ ಅಂದರು. ಹಾಗಾಗಿ ವಿನಾಯಿತಿ ಇಲ್ಲ, ಪೂರ್ತಿ ದಂಡ.

ಇನ್ನೂ ಸೊಗಸು ಕೇಳಿ. ಈ ಕಾನೂನು ಪಾಸಾದಾಗ ಡುಮಾದ ಉಪಸಭಾಪತಿಗಳಲ್ಲಿ ಒಬ್ಬರ ಹೆಸರು ಪ್ಯೋತ್ರ್ ಟಾಲ್‌ಸ್ಟಾಯ್. ಸಾಕ್ಷಾತ್ ನಮ್ಮ ತಾತನ ಗಿರಿಮಗ. ಮುತ್ತಾತನ ತಂದೆ 'ಮನುಷ್ಯಕುಲ ನಿಂತರೆ ನಿಲ್ಲಲಿ' ಅಂದರು, ಗಿರಿಮಗ ಕೂತ ಸಭೆ 'ಹಾಗಂದವರಿಗೆ ದಂಡ' ಅಂದಿತು. ತಾತ ತಮ್ಮ ಉಪದೇಶ ತಾವೇ ಪಾಲಿಸಿದ್ದರೆ ಈ ಗಿರಿಮಗ ಹುಟ್ಟುತ್ತಲೇ ಇರಲಿಲ್ಲ ಅನ್ನೋದು ಬೇರೆ ವಿಷಯ.

ಪಾಲಿಸಲಿಲ್ಲ. ಅದೇ ಇರೋದು ತಮಾಷೆ.

ಹೆಂಡತಿ ಸೋಫಿಯಾಗೆ 13 ಹೆರಿಗೆ. ಹದಿಮೂರನೆಯ ಮಗು ಹುಟ್ಟಿದ್ದು 1888ರಲ್ಲಿ. ಆಗ ತಾತನಿಗೆ 59 ವರ್ಷ, ಆಕೆಗೆ 43. ಮಗುವಿಗೆ ಹಲ್ಲು ಬರೋ ಹೊತ್ತಿಗೆ ಇತ್ತ ಬ್ರಹ್ಮಚರ್ಯದ ಕಥೆಯೂ ರೂಪ ತಾಳುತ್ತಿತ್ತು. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಅಂತ ನಮ್ಮಲ್ಲಿ ಗಾದೆ ಇದೆ. ತಾತ ಆ ಹೊತ್ತಿಗೆ ಮಾಂಸ ಬಿಟ್ಟು ಸಸ್ಯಾಹಾರಿ ಆಗಿದ್ದರಿಂದ ಗಾದೆ ಅಕ್ಷರಶಃ ಹೊಂದುತ್ತೆ. 1890ರ ಕೊನೆಯಲ್ಲಿ ಸೋಫಿಯಾ ತನ್ನ ಡೈರಿಯಲ್ಲಿ ಬರೆದುಕೊಂಡ ಒಂದು ಮಾತಿದೆ. ಮತ್ತೆ ಗರ್ಭ ನಿಂತರೆ ಏನು ಗತಿ, ಊರೆಲ್ಲ ನಗುತ್ತೆ, ಮಾಸ್ಕೋದಲ್ಲಿ ಆಗಲೇ ಜೋಕ್ ಓಡಾಡುತ್ತಿದೆ, 'ಇದೇ ನೋಡಿ ಕ್ರೂಟ್ಸರ್ ಸೊನಾಟಾದ ನಿಜವಾದ ಹಿನ್ನುಡಿ' ಅನ್ನುತ್ತಾರೆ ಅಂತ. ಜಗತ್ತು ಆತನ ಹಿನ್ನುಡಿಯನ್ನು ಕಣ್ಣಿಗೊತ್ತಿಕೊಂಡು ಓದುತ್ತಿದ್ದಾಗ ಈಕೆ ತಿಂಗಳ ದಿನ ಎಣಿಸುತ್ತಿದ್ದಳು.

ನಮ್ಮಲ್ಲಿ ಮದುವೆ ಮಂಟಪದಲ್ಲಿ ಹಿರಿಯರು 'ಅಷ್ಟಪುತ್ರ ಸೌಭಾಗ್ಯವತೀ ಭವ' ಅನ್ನುತ್ತಾರೆ. ಕೇಳಿಸಿಕೊಂಡ ಹುಡುಗಿ ನಗುತ್ತಾಳೆ, ಹೇಳಿದವರೂ ನಗುತ್ತಾರೆ, ಎಲ್ಲರೂ ಊಟದ ಹಾಲ್ ಕಡೆ ಹೊರಡುತ್ತಾರೆ. ಎಂಟು ಅಂತ ಯಾರೂ ಲೆಕ್ಕ ಇಡೋದಿಲ್ಲ. ಪುಟಿನ್ ಹಾಗಲ್ಲ. 2023ರ ನವೆಂಬರ್‌ನಲ್ಲಿ, ನಮ್ಮ ಅಜ್ಜಿಯರು ಮುತ್ತಜ್ಜಿಯರು ಏಳು ಎಂಟು ಮಕ್ಕಳನ್ನು ಹೆರುತ್ತಿದ್ದರು, ಆ ಸಂಪ್ರದಾಯ ಉಳಿಸಿ ಬೆಳೆಸೋಣ ಅಂತ ಗಂಭೀರವಾಗಿ ಭಾಷಣ ಮಾಡಿದರು. ಬೆಳೆಸೋಣ ಅಂತೆ. ಯಾರು ಬೆಳೆಸೋದು ಸ್ವಾಮಿ, ನೀವಾ? ಆಮೇಲೆ ದೂರದ ಪೂರ್ವದ ಒಂದು ಪ್ರಾಂತ್ಯದ ಆರೋಗ್ಯ ಅಧಿಕಾರಿ, ಕೆಲಸ ಜಾಸ್ತಿ ಅನ್ನೋದೊಂದು ಕಾರಣವೇ ಅಲ್ಲ, ಬಿಡುವಿನ ವೇಳೆಯಲ್ಲೂ ಸಂತಾನದ ಕೆಲಸ ಮಾಡಬಹುದು ಅಂದರು. ಟೀ ಬ್ರೇಕ್‌ನಲ್ಲಿ! ನಮ್ಮ ಆಫೀಸುಗಳಲ್ಲಿ ಟೀ ಬ್ರೇಕ್‌ನಲ್ಲಿ ಟೀ ಸಿಕ್ಕರೇ ಪುಣ್ಯ. ಇನ್ನು ಒಂದಷ್ಟು ಪ್ರಾಂತ್ಯಗಳು ಗರ್ಭಿಣಿ ವಿದ್ಯಾರ್ಥಿನಿಯರಿಗೆ 1 ಲಕ್ಷ ರೂಬಲ್ ಕೊಡೋಕೆ ಶುರುಮಾಡಿ, 2025ರಲ್ಲಿ ಅದನ್ನು ಶಾಲೆಯ ಹುಡುಗಿಯರ ತನಕ ಇಳಿಸಿದವು. ಇಲ್ಲಿ ಜೋಕ್ ಮಾಡೋಣ ಅಂತ ಎರಡು ಸಲ ಪ್ರಯತ್ನಪಟ್ಟೆ. ಆಗಲಿಲ್ಲ. ಮುಂದೆ ಹೋಗೋಣ.

'ವೀರಮಾತೆ' ಪ್ರಶಸ್ತಿ ಅಂತ ಒಂದಿದೆ. 1944ರಲ್ಲಿ ಸ್ಟಾಲಿನ್ ಕಾಲದಲ್ಲಿ ಹುಟ್ಟಿದ್ದು, ಸೋವಿಯತ್ ಜೊತೆಗೇ ಸತ್ತಿತ್ತು. 2022ರಲ್ಲಿ ಎಬ್ಬಿಸಿ ಕೂರಿಸಿದರು. ಹತ್ತು ಮಕ್ಕಳು ಹೆತ್ತರೆ 10 ಲಕ್ಷ ರೂಬಲ್. ಹತ್ತನೆಯದಕ್ಕೆ ಒಂದು ವರ್ಷ ತುಂಬಿರಬೇಕು, ಉಳಿದ ಒಂಬತ್ತೂ ಆಗ ಬದುಕಿರಬೇಕು. ಯುದ್ಧದಲ್ಲಿ ಸತ್ತಿದ್ದರೆ ಮಾತ್ರ ಅಥವಾ ಅಂಥದ್ದೇ ಅನಾಹುತದಲ್ಲಿ ಹೋಗಿದ್ದರೆ ಮಾತ್ರ ಲೆಕ್ಕಕ್ಕೆ ಬರುತ್ತೆ. ನಾನು ಕೆಲಸವಿಲ್ಲದೆ ಕೂತು ಸೋಫಿಯಾ ಮಕ್ಕಳ ಹುಟ್ಟು ಸಾವಿನ ವರ್ಷ ಬರೆದುಕೊಂಡು ಲೆಕ್ಕ ಹಾಕಿದೆ. ಹದಿಮೂರು ಹೆತ್ತರೂ, ಒಂದೇ ಹೊತ್ತಿಗೆ ಆ ಮನೆಯಲ್ಲಿ ಬದುಕಿದ್ದ ಮಕ್ಕಳು ಹೆಚ್ಚೆಂದರೆ 9. ಒಂದು ಹುಟ್ಟುವಷ್ಟರಲ್ಲಿ ಇನ್ನೊಂದು ಹೋಗಿರುತ್ತಿತ್ತು. 1873, 1875, 1875ರಲ್ಲೇ ಇನ್ನೊಂದು, 1886, ಕೊನೆಗೆ 1895ರಲ್ಲಿ ಆ ಹದಿಮೂರನೆಯವನು, ಏಳು ವರ್ಷ ತುಂಬುವ ಮುಂಚೆ. ಹಾಗಾಗಿ ಆಕೆಗೆ ಪ್ರಶಸ್ತಿ ಇಲ್ಲ. ಕಾಗದಪತ್ರ ಸರಿ ಇಲ್ಲ ಅಂತ ವಾಪಸ್ ಕಳಿಸುತ್ತಾರೆ.

ತಾತ ಮೊದಲಿಂದಲೂ ಬ್ರಹ್ಮಚರ್ಯ ಅನ್ನುತ್ತಿರಲಿಲ್ಲ, ಅದನ್ನೂ ಹೇಳಬೇಕು. ಸೊನಾಟಾಕ್ಕೆ ಮೂರೇ ವರ್ಷ ಮುಂಚೆ, 1886ರಲ್ಲಿ, ಸಮಾಜ ಹೇಗಿರಬೇಕು ಅಂತ ಒಂದು ದೊಡ್ಡ ಪುಸ್ತಕ ಮುಗಿಸಿದರು. ಅದರ ಕೊನೆಯಲ್ಲಿ ಎದೆಯುಬ್ಬಿಸಿ ಹೇಳಿದ್ದೇನು ಅಂದರೆ, ಹೆಂಗಸಿನ ಕೆಲಸ ಹೆರೋದು, ತಾಯಂದಿರೇ, ಲೋಕದ ಉದ್ಧಾರ ನಿಮ್ಮ ಕೈಯಲ್ಲಿದೆ ಅಂತ. ಮೂರು ವರ್ಷದಲ್ಲಿ ಉದ್ಧಾರ ಉಲ್ಟಾ ಹೊಡೆಯಿತು. ಚರ್ಚು, ಸೈನ್ಯ, ಜಾರ್, ಆಸ್ತಿ ಎಲ್ಲವನ್ನೂ ಎದುರು ಹಾಕಿಕೊಂಡ ಮನುಷ್ಯ ಇವರು. ಗಾಂಧಿ ಇವರಿಗೆ ಪತ್ರ ಬರೆದು, ಜೋಹಾನ್ಸ್‌ಬರ್ಗ್ ಹತ್ತಿರ ಇವರ ಹೆಸರಲ್ಲೇ ಆಶ್ರಮ ಕಟ್ಟಿದ್ದರಿಂದ ನಮಗಂತೂ ಮಹರ್ಷಿ. ಹೆಂಗಸರ ವಿಷಯ ಬಂದರೆ ಮಾತ್ರ ಈ ಕ್ರಾಂತಿಕಾರಿ, ಜಗಲಿ ಮೇಲೆ ಎಲೆಅಡಿಕೆ ಹಾಕಿಕೊಂಡು ಕೂತ ಯಾವುದೇ ಊರಿನ ಯಜಮಾನನ ಹಾಗೇ ಮಾತಾಡುತ್ತಾರೆ. ಹೆರು ಅಂದರೆ ಹೆರಬೇಕು. ಸಾಕು ಅಂದರೆ ಸಾಕು. ಅಪ್ಪಣೆ ಬದಲಾಗಬಹುದು, ಕೊಡುವ ಬಾಯಿ ಬದಲಾಗಲ್ಲ.

ಹೆಂಗಸರ ಬಗ್ಗೆ ನಿಜ ಹೇಳಬೇಕಾದರೆ ಒಂದು ಕಾಲು ಗೋರಿಯಲ್ಲಿಟ್ಟು, ಹೇಳಿ ಮುಗಿಸಿ, ತಟ್ಟನೆ ಪೆಟ್ಟಿಗೆಗೆ ಹಾರಿ ಮುಚ್ಚಳ ಎಳೆದುಕೊಳ್ಳುತ್ತೇನೆ ಅಂತ ಒಮ್ಮೆ ಅಂದರಂತೆ. ಗಾರ್ಕಿ ಬರೆದಿಟ್ಟಿದ್ದಾರೆ. ಹಾಗಾದರೆ ಅಲ್ಲಿ ತನಕ ಹೇಳಿದ್ದೆಲ್ಲ ಏನು ಅಂತ ಗಾರ್ಕಿ ಕೇಳಲಿಲ್ಲ, ಛೇ.

ಚೆಖಾವ್ ವಿಷಯ ಹೇಳದೆ ಇರೋಕಾಗಲ್ಲ. ಸ್ವಲ್ಪ ದಾರಿ ತಪ್ಪುತ್ತೆ, ಪರವಾಗಿಲ್ಲ. ಚೆಖಾವ್ ಒಂದು ಕಥೆ ಬರೆದರು. ಅದರಲ್ಲಿ ಒಲೆಂಕಾ ಅನ್ನುವ ಹೆಂಗಸಿಗೆ ತನ್ನದು ಅಂತ ಒಂದು ಅಭಿಪ್ರಾಯವೂ ಇಲ್ಲ. ನಾಟಕ ಕಂಪನಿಯವನನ್ನು ಮದುವೆ ಆದಾಗ, ನಾಟಕ ಇಲ್ಲದೆ ಬದುಕಿಲ್ಲ ಅನ್ನುತ್ತಾಳೆ. ಅವನು ಸತ್ತು ಮರದ ವ್ಯಾಪಾರಿ ಬಂದಾಗ, ನಾಟಕ ಗೀಟಕಕ್ಕೆಲ್ಲ ಪುರುಸೊತ್ತೆಲ್ಲಿ, ಮರದ ರೇಟು ನೋಡಿ ಎಷ್ಟಾಗಿದೆ ಅನ್ನುತ್ತಾಳೆ. ಕನಸಿನಲ್ಲೂ ಹಲಗೆಗಳೇ ಬರುತ್ತವೆ. ಅವನೂ ಸತ್ತ ಮೇಲೆ ದನದ ಡಾಕ್ಟರ್ ಬಂದರೆ ಮಾತೆಲ್ಲ ದನದ ರೋಗ. ಕೊನೆಗೆ ಯಾರೂ ಇಲ್ಲದಾಗ ಆ ಡಾಕ್ಟರ್ ಮಗನ ಹೋಂವರ್ಕ್ ಬಗ್ಗೆ ಬೀದಿಯಲ್ಲಿ ಸಿಕ್ಕವರ ಹತ್ತಿರ ಗೋಳು ಹೇಳಿಕೊಳ್ಳುತ್ತಾಳೆ. ಓದಿದರೆ ನಗುವೂ ಬರುತ್ತೆ, ಹೊಟ್ಟೆಯಲ್ಲಿ ಏನೋ ಚುರ್ ಅಂತಲೂ ಅನ್ನುತ್ತೆ. ಟಾಲ್‌ಸ್ಟಾಯ್‌ಗೆ ಇದು ಎಷ್ಟು ಹಿಡಿಸಿತು ಅಂದರೆ ಮನೆಗೆ ಬಂದವರಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರಂತೆ. ಚೆಖಾವ್ ಸತ್ತ ಮೇಲೆ ಅದಕ್ಕೂ ಒಂದು ಹಿನ್ನುಡಿ! (ಹಿನ್ನುಡಿಯ ಚಟ ಇತ್ತು ಮನುಷ್ಯನಿಗೆ.) ಅದರಲ್ಲಿ ಹೇಳಿದ್ದು, ಪಾಪ ಚೆಖಾವ್ ಈಕೆಯನ್ನು ಗೇಲಿ ಮಾಡೋಕೆ ಹೊರಟ, ಆದರೆ ಬೈಬಲಿನಲ್ಲಿ ಶಾಪ ಕೊಡೋಕೆ ಹೋಗಿ ಹರಸಿ ಬಂದ ಬಿಳಾಮನ ಹಾಗೆ, ತನಗೇ ಗೊತ್ತಿಲ್ಲದೆ ಹೆಣ್ಣಿನ ಆದರ್ಶವನ್ನೇ ಬರೆದುಬಿಟ್ಟ ಅಂತ. ಆದರ್ಶ! ಅಂದರೆ ಮದುವೆ ಆದರೆ ಗಂಡನ ಕಸುಬು ಬಾಯಿಪಾಠ ಮಾಡಬೇಕು. ಗಂಡ ಸಾಫ್ಟ್‌ವೇರ್ ಆದರೆ ಈಕೆಗೆ ಕನಸಲ್ಲಿ ಬಗ್‌ಗಳು ಬರಬೇಕು.

ಸೋಫಿಯಾ ಒಲೆಂಕಾ ಆಗೋಕೆ ಕಮ್ಮಿ ಪ್ರಯತ್ನ ಮಾಡಲಿಲ್ಲ. 'ಯುದ್ಧ ಮತ್ತು ಶಾಂತಿ'ಯನ್ನು ಏಳು ಸಲ ಕೈಯಲ್ಲಿ ನಕಲು ಮಾಡಿದಳು ಅಂತಾರೆ. ಏಳು ಬೇಡ, ಎರಡೇ ಸಲ ಅಂದುಕೊಳ್ಳಿ. ಎರಡು ಸಲ ಓದೋಕೇ ನಮ್ಮ ಕೈಲಾಗಿಲ್ಲ.

ಅವರ ಮದುವೆ ದಿನದ ಕಥೆ ಗೊತ್ತಲ್ಲ. 1862ರ ಸೆಪ್ಟೆಂಬರ್, ಕ್ರೆಮ್ಲಿನ್ ಒಳಗಿನ ಚರ್ಚು. ಹುಡುಗಿಗೆ 18, ಹುಡುಗನಿಗೆ 34. ಹುಡುಗಿ ಅಲಂಕಾರ ಮಾಡಿಕೊಂಡು ಕಾಯುತ್ತಾ ಇದ್ದಾಳೆ, ಹುಡುಗ ಪತ್ತೆ ಇಲ್ಲ. ಒಂದು ಗಂಟೆ ಮೇಲಾಯಿತು. ಓಡಿಹೋದನೇನೋ ಅಂತ ಹುಡುಗಿಗೆ ಎದೆ ಡವಡವ. ಕಡೆಗೆ ಆಳು ಓಡಿ ಬಂದು ಸೂಟ್‌ಕೇಸು ಕೇಳುತ್ತಾನೆ. ಸಾಮಾನೆಲ್ಲ ಕಟ್ಟುವಾಗ ಯಜಮಾನರ ಒಗೆದ ಶರ್ಟುಗಳನ್ನೂ ಕಟ್ಟಿಬಿಟ್ಟಿದ್ದರು, ಮದುವೆಗೆ ಹಾಕೋಕೆ ಒಂದೂ ಇರಲಿಲ್ಲ. ಆಸ್ತಿ ಎಲ್ಲ ತ್ಯಾಗ ಮಾಡಬೇಕು ಅಂತ ಮುಂದೆ ಹೇಳಿದವರಿಗೆ ಆವತ್ತು ಒಂದು ಶರ್ಟ್ ಇಲ್ಲದೆ ಮದುವೆ ನಿಂತಿತ್ತು. ಅದಕ್ಕೆ ಕೆಲವು ದಿನ ಮುಂಚೆ ತಮ್ಮ ಹಳೆಯ ಡೈರಿಗಳನ್ನೆಲ್ಲ ಆ ಹುಡುಗಿಯ ಕೈಗೆ ಕೊಟ್ಟಿದ್ದರು, ಓದು, ನನ್ನದೇನೂ ಮುಚ್ಚುಮರೆ ಬೇಡ ಅಂತ. ಯಾವ ಯಾವ ಹೆಂಗಸರು, ಯಾವ ಯಾವ ಕಾಯಿಲೆ, ತಮ್ಮದೇ ಹಳ್ಳಿಯ ಅಕ್ಸಿನ್ಯಾ ಜೊತೆಗಿನ ಸಂಬಂಧ, ಎಲ್ಲ ಅದರಲ್ಲಿತ್ತು. ಓದಿ ಹುಡುಗಿ ಅತ್ತಳು. ಪ್ರಾಮಾಣಿಕತೆ ಅಂತ ಇದನ್ನು ಇವತ್ತಿಗೂ ಹೊಗಳುತ್ತಾರೆ. ತನ್ನ ತಲೆಯ ಹೊರೆಯನ್ನು ಮದುವೆಗೆ ಮುಂಚೆಯೇ ಹೆಂಡತಿಯ ತಲೆಗೆ ದಾಟಿಸೋದಕ್ಕೆ ಇಷ್ಟು ಒಳ್ಳೆ ಹೆಸರು ಇದೆ ಅಂತ ನನಗೆ ಗೊತ್ತಿರಲಿಲ್ಲ. ಮರುವರ್ಷ ಮೊದಲ ಬಾಣಂತನದಲ್ಲಿ ಎದೆ ಬಾತು ಹಾಲೂಡಿಸೋಕಾಗದೆ ಆಕೆ ಒದ್ದಾಡುತ್ತಿದ್ದಾಗ, ಹಾಲೂಡಿಸೋಕೆ ಬೇರೆ ಹೆಂಗಸನ್ನು ಇಟ್ಟಿದ್ದಕ್ಕೆ ಇವರಿಗೆ ಸಿಟ್ಟು ಬಂದಿತ್ತು.

ಇರಲಿ. ಸತ್ತು ನೂರು ವರ್ಷ ದಾಟಿದವರನ್ನು ಎಷ್ಟು ಅಂತ ಕಿಚಾಯಿಸೋದು. ನನಗೆ ಹೊಟ್ಟೆ ಉರಿಯೋದು ಈಗಿನ ರೇಟ್ ಕಾರ್ಡ್ ನೋಡಿ.

2017ರ ಫೆಬ್ರವರಿಯಲ್ಲಿ ಇದೇ ಡುಮಾದಿಂದ ಬಂದ ಇನ್ನೊಂದು ಕಾನೂನು ಜಾರಿಗೆ ಬಂತು. ಮನೆಯಲ್ಲಿ ಹೆಂಡತಿಗೋ ಮಕ್ಕಳಿಗೋ ಹೊಡೆದರೆ, ಮೂಳೆ ಗೀಳೆ ಮುರಿಯದೆ ಬರೀ ಗಾಯವೋ ಬಾಸುಂಡೆಯೋ ಆದರೆ, ವರ್ಷಕ್ಕೆ ಮೊದಲನೆಯ ಸಲವಾದರೆ, ಅದು ಕ್ರಿಮಿನಲ್ ಅಪರಾಧ ಅಲ್ಲ. ಅದಕ್ಕೆ ಮುಂಚೆ ಎರಡು ವರ್ಷದ ತನಕ ಜೈಲು ಇತ್ತು. ಡುಮಾದಲ್ಲಿ ಪರ 380 ಓಟು, ವಿರೋಧ 3. ಈಗ ದಂಡ 5,000ದಿಂದ 30,000 ರೂಬಲ್. ಇಲ್ಲದಿದ್ದರೆ ಹದಿನೈದು ದಿನದ ತನಕ ಒಳಗಿರೋದು, ಅಥವಾ ಒಂದಷ್ಟು ಗಂಟೆ ಸಮಾಜಸೇವೆ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತ ನಾವೂ ಹೇಳಿಕೊಂಡು ಬಂದವರೇ, ನಾವೇನೂ ದೊಡ್ಡ ಸಾಚಾ ಅಲ್ಲ. ಅವರ ಗಾದೆ ಇನ್ನೂ ನೇರ. ಹೊಡೀತಾನೆ ಅಂದರೆ ಪ್ರೀತಿಸ್ತಾನೆ ಅಂತ.

ಎರಡೂ ರೇಟನ್ನು ಪಕ್ಕ ಪಕ್ಕ ಇಟ್ಟು ನೋಡಿ. ಹೆಂಡತಿ ಮುಖಕ್ಕೆ ಬಾರಿಸಿದರೆ 5,000ಕ್ಕೂ ಮುಗಿಯುತ್ತೆ. ಆ ಹೆಂಡತಿ ಇಂಟರ್ನೆಟ್‌ನಲ್ಲಿ 'ಇಂಥ ಮನೆಗೆ ಮಕ್ಕಳನ್ನು ತರಬೇಡಿ ಕಣ್ರೇ, ಮಕ್ಕಳಿಲ್ಲದಿದ್ದರೇ ನೆಮ್ಮದಿ' ಅಂತ ಬರೆದರೆ ಲಕ್ಷದ ಲೆಕ್ಕ. ಹೊಡೆತಕ್ಕಿಂತ ಮಾತು ದುಬಾರಿ. ಗಂಡ ಕಟ್ಟುವ ಆ 5,000 ಬರೋದು ಎಲ್ಲಿಂದ? ಮನೆ ಖರ್ಚಿನ ದುಡ್ಡಿನಿಂದ ತಾನೇ. ತಿಂಗಳ ಕೊನೆಯಲ್ಲಿ ಹಾಲಿಗೆ ಸಾಲದೆ ಬರೋದು ಅವಳಿಗೇ. ಸಂಪ್ರದಾಯ ಸಂಪ್ರದಾಯ ಅಂತ ಬಾಯಿ ಬಡಿದುಕೊಳ್ಳುತ್ತಾರಲ್ಲ, ಇದೇನಾ ಅದು? ಹೆರಲಿಲ್ಲ ಅಂತ ಗೋಳು ಹೊಯ್ದುಕೊಳ್ಳುವವರಿಗೆ, ಹೆತ್ತವಳು ಆಮೇಲೆ ಬದುಕಿದ್ದಾಳೋ ಇಲ್ಲವೋ ಅಂತ ನೋಡೋಕೆ ಪುರುಸೊತ್ತಿಲ್ಲ. ಬರೆಯೋಕೂ ಸುಸ್ತಾಗುತ್ತೆ.

ಪೊಜ್ದ್ನಿಶೆವ್‌ನಿಗೆ ಆದ ಶಿಕ್ಷೆ ಏನು ಅಂತ ಹೇಳೋದು ಮರೆತೆ. ಏನೂ ಇಲ್ಲ. ಮೋಸಹೋದ ಗಂಡ, ಮಾನ ಉಳಿಸಿಕೊಳ್ಳೋಕೆ ಮಾಡಿದ ಅಂತ ಕೋರ್ಟು ಬಿಟ್ಟು ಕಳಿಸುತ್ತೆ. ಅದಕ್ಕೇ ಅವನು ರೈಲಿನಲ್ಲಿ ಕೂತು ಚಹಾ ಕುಡಿಯುತ್ತ ಲೋಕಕ್ಕೆ ಬುದ್ಧಿ ಹೇಳೋಕಾಗಿದ್ದು. ಸತ್ತವಳ ಕಡೆಯ ಕಥೆ ಹೇಳೋಕೆ ಆ ಡಬ್ಬಿಯಲ್ಲಿ ಯಾರೂ ಇರಲಿಲ್ಲ.

ಸೋಫಿಯಾ ಒಂದು ಬರೆದಳು. 'ತಪ್ಪು ಯಾರದು?' ಅಂತ ಹೆಸರು. ಅದೇ ಕಥೆ, ಹೆಂಡತಿ ಕಡೆಯಿಂದ. 1890ರ ದಶಕದ ಶುರುವಿನಲ್ಲಿ ಬರೆದದ್ದು ಅಚ್ಚಾಗಿದ್ದು 1994ರಲ್ಲಿ. ಸುಮಾರು ನೂರು ವರ್ಷ ಪೆಟ್ಟಿಗೆಯಲ್ಲಿ. ಆದರೆ ಗಂಡನ ಕಥೆಯನ್ನು ಸರ್ಕಾರ ಬ್ಯಾನ್ ಮಾಡಿದಾಗ, 1891ರಲ್ಲಿ ಪೀಟರ್ಸ್‌ಬರ್ಗ್‌ಗೆ ಹೋಗಿ ಜಾರ್ ಮೂರನೇ ಅಲೆಕ್ಸಾಂಡರ್ ಮುಂದೆ ನಿಂತು, ಕೃತಿ ಸಂಪುಟದಲ್ಲಿ ಸೇರಿಸೋಕೆ ಬಿಡಿ ಅಂತ ಒಪ್ಪಿಗೆ ತಂದವಳೂ ಇವಳೇ. ಇದು ತನ್ನ ಮೇಲೇ ಬರೆದ ಕಥೆ ಅಂತ ಊರೆಲ್ಲ ಆಡಿಕೊಳ್ಳುತ್ತಿತ್ತು. ತಾನೇ ಹೋಗಿ ಅನುಮತಿ ಕೇಳಿದರೆ ಆ ಬಾಯಿ ಮುಚ್ಚುತ್ತೆ ಅನ್ನುವ ಲೆಕ್ಕ ಅವಳದು. ಬಂದದ್ದು 13ನೇ ಸಂಪುಟದಲ್ಲಿ. ಹೆರಿಗೆಯೂ ಹದಿಮೂರು, ಸಂಪುಟವೂ ಹದಿಮೂರು. ಪ್ರೂಫ್ ನೋಡಿದ್ದೂ ಆಕೆ.

1910ರ ಅಕ್ಟೋಬರ್ ಕೊನೆಯಲ್ಲಿ, 82ರ ವಯಸ್ಸಿನಲ್ಲಿ, ತಾತ ನಡುರಾತ್ರಿ ಮನೆ ಬಿಟ್ಟು ಹೊರಟುಹೋದರು. 48 ವರ್ಷದ ಜಗಳ, ಉಂಡು ಮಲಗಿದರೂ ಮುಗಿದಿರಲಿಲ್ಲ. ಅಸ್ತಾಪೊವೊ ಅನ್ನುವ ಸಣ್ಣ ರೈಲ್ವೆ ಸ್ಟೇಷನ್ನಿನಲ್ಲಿ ಜ್ವರ ಬಂದು, ಸ್ಟೇಷನ್ ಮಾಸ್ಟರ್ ಮನೆಯಲ್ಲಿ ಮಲಗಿದರು. ಸೋಫಿಯಾ ಹಿಂದೆಯೇ ಬಂದಳು. ಒಳಗೆ ಬಿಡಲಿಲ್ಲ. ಆಗ ತೆಗೆದ ಸಿನಿಮಾ ತುಣುಕೊಂದು ಉಳಿದಿದೆ. ಮುದುಕಿ, ತಲೆಗೆ ಬಟ್ಟೆ ಸುತ್ತಿಕೊಂಡು, ಕಿಟಕಿಯ ಹತ್ತಿರ ಬಂದು ಕತ್ತು ಚಾಚಿ ಒಳಗೆ ಇಣುಕುತ್ತಾಳೆ. ಪಕ್ಕದಲ್ಲಿದ್ದವರು ಅವಳನ್ನು ಕರೆದುಕೊಂಡು ಹೋಗುತ್ತಾರೆ. ಒಳಗೆ ಬಿಟ್ಟಿದ್ದು ಆತನಿಗೆ ಪ್ರಜ್ಞೆ ತಪ್ಪಿದ ಮೇಲೆ.

ಈಗ ದಂಡದ ವಿಷಯಕ್ಕೆ ಬರೋಣ. ಹಿನ್ನುಡಿಗೆ ತಾತನಿಗೆ 4 ಲಕ್ಷ. ಮತ್ತೆ ಗರ್ಭ ನಿಂತರೆ ಅಂತ ಹೆದರಿ ಡೈರಿ ಬರೆದಿದ್ದಾಳಲ್ಲ, ಅದೂ ಈಗ ಪುಸ್ತಕವಾಗಿ ಅಂಗಡಿಯಲ್ಲಿದೆ, ಅದಕ್ಕೆ ಈಕೆಗೊಂದು ನೋಟಿಸು. ಎರಡೂ ಅವರ ಮನೆ ಇದ್ದ ಯಾಸ್ನಾಯಾ ಪೊಲ್ಯಾನಾದ ವಿಳಾಸಕ್ಕೇ ಬರುತ್ತೆ. ತಾತ ದುಡ್ಡು ಮುಟ್ಟಲ್ಲ, ಅದು ಪಾಪ. ಪುಸ್ತಕ ಮಾರಿದ ಲೆಕ್ಕ, ಆಳುಕಾಳಿನ ಲೆಕ್ಕ, ಮಕ್ಕಳ ಫೀಸಿನ ಲೆಕ್ಕ ಎಲ್ಲ ಬರೆದಿಡುತ್ತಿದ್ದವಳು ಆಕೆಯೇ. ಸಂಜೆ ದೀಪ ಹಚ್ಚಿಕೊಂಡು, ಕನ್ನಡಕ ಹಾಕಿಕೊಂಡು, ಇದನ್ನೂ ಒಂದು ಸಾಲು ಬರೆದುಕೊಳ್ಳುತ್ತಾಳೆ.